ಬಿಳಿ ಗೋಡೆಯೊಳಗಿನ ತಂತಿ

ಅಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಮನೆಯ ಗೇಟಿನಲ್ಲೇ. ನಾನು ವಾಚನಾಲಯದಿಂದ ಹಿಂತಿರುಗುತ್ತಿದ್ದೆ. ಬೆಳಗಿನಿಂದ ಮೋಡ ಕವಿದಿತ್ತು. ನಡುಮಧ್ಯಾಹ್ನವಾದರೂ ಬೀದಿಗೆ ಸಂಜೆಯ ಬಣ್ಣ. ನನ್ನ ಅಳಿಯನ, ಎಂದರೆ ಅಕ್ಕನ ಮಗನ, ಮನೆಯ ಮುಂಭಾಗದಲ್ಲೇ ಇದ್ದ ಹಲ್ಲಿನ ಕ್ಲಿನಿಕ್ಕಿಗೆ ಬಂದಿದ್ದ ಬಸ್ ಕಂಡಕ್ಟರ್ ಒಬ್ಬ ಕೆನ್ನೆ ಹಿಡಿದುಕೊಂಡು ಹೊರಗೆ ನಿಂತಿದ್ದ.

"ಒಳಗೆ ಹೋಗಿ ಮೇಷ್ಟ್ರೇ, ಬೇಗ," ಎಂದ. ಅರ್ಧ ಬಾಯಿ ಮರಗಟ್ಟಿದ್ದರಿಂದ ಅವನ ಮಾತು ತೊದಲಿತು.

ಅಕ್ಕ ಮಂಚದ ಮೇಲೆ ಎಂದಿನಂತೆ ದಿಂಬಿಗೆ ಒರಗಿದ್ದಳು. ಮೂಗಿನ ನಳಿಕೆ ಹಾಗೆಯೇ ಇತ್ತು. ಪಕ್ಕದ ಆಮ್ಲಜನಕದ ಯಂತ್ರ ಮಾತ್ರ ಸುಮ್ಮನಾಗಿತ್ತು. ಶ್ವಾಸಕೋಶ ಸೋತ ಮೇಲೆ ಅವಳ ಜೀವ ಆ ಯಂತ್ರದ ಜೊತೆಗೇ ಉಸಿರಾಡುತ್ತಿತ್ತು. ಮೂಲೆಯಲ್ಲಿ ತುಂಬಿದ ಸಿಲಿಂಡರ್ ನಿಂತಿತ್ತು. ಅದರ ಕೀಲಿ ತಿರುಗಿಸುವವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ನೋಡಿಕೊಳ್ಳುತ್ತಿದ್ದ ದಾದಿ ಅಕ್ಕನ ಕಾಲ ಬಳಿ ಕುಸಿದು ಕೂತಿದ್ದಳು. ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬ್ಯಾಟರಿ ಖಾಲಿ ಮಾಡಿಬಿಟ್ಟಿದ್ದಾಳೆ ಮಾವ," ಎಂದ ಅಳಿಯ. ಅವನ ಮುಖ ಸುಣ್ಣದಂತಾಗಿತ್ತು. "ಸೋಲಾರ್ ಲೈನಿಗೆ ಇಸ್ತ್ರಿಪೆಟ್ಟಿಗೆ ಹಾಕಿದ್ದಾಳೆ. ಮೇನ್ ಕರೆಂಟು ಹೋದಾಗ ಯಂತ್ರಕ್ಕೆ ಏನೂ ಉಳಿದಿರಲಿಲ್ಲ. ಇವಳು ನೋಡಿದ್ರೆ ಮಹಡಿ ಮೇಲೆ!"

"ಇಲ್ಲ ಡಾಕ್ಟ್ರೇ, ದೇವರಾಣೆಗೂ ಇಲ್ಲ. ಇಸ್ತ್ರಿ ಮಾಡಿದ್ದು ಬೆಳಿಗ್ಗೆ, ಮೇನ್ ಲೈನಲ್ಲಿ. ಅಮ್ಮ ನಿದ್ದೆ ಹೋದ್ರು ಅಂತ ಬಟ್ಟೆ ಒಗೆದು ಹರವಕ್ಕೆ ಹೋದೆ. ಮೇಷ್ಟ್ರೇ, ನೀವಾದ್ರೂ ಹೇಳಿ. ನಾನು ಹಾಗೆ ಮಾಡ್ತೀನಾ?"

ನಾನು ಮುಖ ಆಚೆ ತಿರುಗಿಸಿದೆ. ದುಃಖದಲ್ಲಿ ಮನುಷ್ಯನಿಗೆ ಬಯ್ಯಲು ಒಬ್ಬರು ಬೇಕಾಗುತ್ತಾರೆ. ಅವಳು ಹೊರಗಿನವಳು, ಅವನು ನಮ್ಮವನು. ನನಗೆ ಅಷ್ಟೇ ಸಾಕಾಯಿತು.

ಆಗ ಮೆಟ್ಟಿಲಲ್ಲಿ ಸದ್ದಾಯಿತು. ನಮ್ಮ ಮಹಡಿಯ ಬಾಡಿಗೆದಾರರು ಇಳಿದು ಬರುತ್ತಿದ್ದರು. ವಿಮಾ ಕಂಪನಿಯಲ್ಲಿ ನಷ್ಟದ ತಪಾಸಣೆ ಮಾಡಿ ನಿವೃತ್ತರಾದ ಹೆಂಗಸು. ಬೀದಿಗೆಲ್ಲ ಅವರು ಸರ್ವೇ ಅಮ್ಮ. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳುವಾದ ಒಡವೆ, ಎಲ್ಲದರ ಸುಳ್ಳು-ನಿಜ ಹೆಕ್ಕಿ ಹೆಕ್ಕಿ ಕಣ್ಣು ಪಳಗಿದ್ದವು. ನಿವೃತ್ತಿಯ ನಂತರವೂ ಊರಿನ ಜನ ತಮ್ಮ ಗಂಟುಗಳನ್ನು ಬಿಡಿಸಿಕೊಳ್ಳಲು ಅವರ ಬಳಿಗೇ ಬರುತ್ತಿದ್ದರು. ಚೀಲ ಹಿಡಿದು ಹಿಂದೆ ಹೋಗುವ ಕೆಲಸ ನನ್ನದು. ಅಕ್ಕನಿಗೂ ಅವರಿಗೂ ಬಹಳ ಸಲಿಗೆ. ದಿನವೂ ಒಬ್ಬರನ್ನೊಬ್ಬರು ಛೇಡಿಸದೆ ಇಬ್ಬರಿಗೂ ಕಾಫಿ ಇಳಿಯುತ್ತಿರಲಿಲ್ಲ.

ಅವರು ಅಕ್ಕನ ಹಣೆ ಮುಟ್ಟಿದರು. ಆಮೇಲೆ, "ಇನ್ವರ್ಟರ್ ಎಲ್ಲಿ?" ಎಂದರು.

ಅದು ಇದ್ದದ್ದು ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲೆ. ಚಾವಣಿಯ ಫಲಕಗಳು ಬ್ಯಾಟರಿಯನ್ನು ತುಂಬುತ್ತವೆ, ಬ್ಯಾಟರಿಯ ಶಕ್ತಿಯನ್ನು ಇನ್ವರ್ಟರ್ ಮನೆಗೆ ಹಂಚುತ್ತದೆ. ಹಗಲಿಡೀ ಅಕ್ಕನ ಯಂತ್ರ, ಫ್ಯಾನು, ಫ್ರಿಜ್ಜು ಅದರಿಂದಲೇ ನಡೆಯುತ್ತಿದ್ದವು. ಈಗ ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸರ್ವೇ ಅಮ್ಮ ಗುಂಡಿ ಒತ್ತಿದರು. ಹಸಿರು ದೀಪ ಬಂತು. ಆ ಕಡೆ ಅಕ್ಕನ ಕೋಣೆಯಲ್ಲಿ ಯಂತ್ರ ಬುಸ್ಸೆಂದು ಉಸಿರಾಡತೊಡಗಿತು.

ಯಾರಿಗೂ ಬೇಡವಾದ ಆ ಉಸಿರು ಕೇಳಲಾರದೆ ದಾದಿ ಕಿವಿ ಮುಚ್ಚಿಕೊಂಡಳು. ನಾನೇ ಹೋಗಿ ಅದನ್ನು ಆರಿಸಿದೆ.

ಸರ್ವೇ ಅಮ್ಮ ಹಿಂದಿನ ಜಗಲಿಗೆ ಹೋಗಿ ಬ್ಯಾಟರಿಗಳ ಅಳತೆಯ ಮುಳ್ಳು ನೋಡಿದರು. ನನಗೂ ತೋರಿಸಿದರು. ಮುಕ್ಕಾಲು ದಾಟಿತ್ತು.

"ಖಾಲಿಯಾದ ಬ್ಯಾಟರಿ ಇಷ್ಟು ಬೇಗ ತುಂಬಿತಾ ಡಾಕ್ಟ್ರೇ?"

"ಮೇಲೆ ಬಿಸಿಲಿದೆಯಲ್ಲ."

ಅವರು ತಲೆಯೆತ್ತಿ ಮೋಡ ನೋಡಿದರು.

ಅಕ್ಕನ ಅಂತ್ಯಕ್ರಿಯೆ ಮುಗಿಸಿ ಬಂದ ಮರುದಿನ ಬೆಳಿಗ್ಗೆ ದಾದಿ ಮಹಡಿಗೆ ಬಂದಳು. ನಾನೂ ಅಲ್ಲೇ ಇದ್ದೆ. ಅವಳು ನನ್ನನ್ನು ನೋಡದೆ ಸರ್ವೇ ಅಮ್ಮನಿಗೆ ಹೇಳಿದಳು: "ಡಾಕ್ಟ್ರು ನಮ್ಮ ಏಜೆನ್ಸಿಗೆ ಫೋನ್ ಮಾಡಿದ್ದಾರೆ. ರೋಗೀನ ಬಿಟ್ಟು ಹೋಗಿ ಸಾಯಿಸಿದೆ ಅಂತ. ಇನ್ನು ನನ್ನನ್ನ ಯಾರ ಮನೆಗೂ ಕಳಿಸಲ್ಲ. ಕೆಲಸ ಹೋದ್ರೆ ಹೋಗಲಿ, ಆದ್ರೆ ಈ ಮಾತು ಹೊತ್ಕೊಂಡು ಎಲ್ಲಿ ಹೋಗಲಿ? ಅಮ್ಮನ ತಲೆ ಬಾಚಿದ ಕೈ ಇದು."

"ಕೂತ್ಕೋ," ಎಂದರು ಸರ್ವೇ ಅಮ್ಮ. "ಆ ಬ್ಯಾಟರಿಗಳು ಯಾವತ್ತಿಂದ ಜಗಲಿಯಲ್ಲಿವೆ?"

"ಕ್ಲಿನಿಕ್ಕಿಗೆ ಬಿಳಿ ಟೈಲ್ಸ್ ಹಾಕಿಸಿದ ಮೇಲೆ. ಮುಂಚೆ ಇನ್ವರ್ಟರ್ ಕೆಳಗೇ ಇದ್ವು. ಆಸಿಡ್ ವಾಸನೆ ಬರತ್ತೆ, ನೋಡಕ್ಕೂ ಚೆನ್ನಾಗಿಲ್ಲ ಅಂತ ಡಾಕ್ಟ್ರು ಹಿಂದಕ್ಕೆ ಹಾಕಿಸಿದ್ರು."

"ಅದಾದ ಮೇಲೆ ಏನಾದ್ರೂ ಬದಲಾಯ್ತಾ?"

ದಾದಿ ಯೋಚಿಸಿದಳು. "ಫ್ರಿಜ್ಜು ಶುರುವಾದಾಗೆಲ್ಲ ಅಮ್ಮನ ಕೋಣೆಯ ದೀಪ ಕಣ್ಣು ಮಿಟುಕಿಸ್ತಿತ್ತು. ಅಮ್ಮ ‘ನೋಡೇ, ನನಗೆ ಕಣ್ಣು ಹೊಡೀತಿದೆ’ ಅಂತ ನಗ್ತಿದ್ರು."

ನಾವು ಕಾಯುವ ಕೋಣೆಗೆ ಇಳಿದೆವು. ಬಿಳಿ ಟೈಲ್ಸಿನ ಆ ಗೋಡೆ ಹಾಲಿನಂತೆ ಹೊಳೆಯುತ್ತಿತ್ತು. ಹಾಕಿಸಿದ ದಿನ ಅದನ್ನು ಬಾಯ್ತುಂಬ ಹೊಗಳಿದವರಲ್ಲಿ ನಾನೂ ಒಬ್ಬ. ಇನ್ವರ್ಟರಿನಿಂದ ಬೆರಳು ಗಾತ್ರದ ಎರಡು ತಂತಿಗಳು, ಒಂದು ಕೆಂಪು, ಒಂದು ಕಪ್ಪು, ಇಳಿದು ಬಂದು ಗೋಡೆಗೆ ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಗುತ್ತಿದ್ದವು. ಜಗಲಿಯಲ್ಲೂ ಅಂಥದೇ ಒಂದು ಡಬ್ಬಿ. ಅದರಿಂದ ಅಷ್ಟೇ ದಪ್ಪದ ತಂತಿಗಳು ಹೊರಬಂದು ಬ್ಯಾಟರಿಗೆ ಸೇರುತ್ತಿದ್ದವು. ಎರಡರ ನಡುವೆ ಕೋಣೆಯುದ್ದದ ಗೋಡೆ.

ಬೆಂಚಿನ ಮೇಲೆ ಅದೇ ಬಸ್ ಕಂಡಕ್ಟರ್ ಕೂತಿದ್ದ. ಕ್ಲಿನಿಕ್ಕಿಗೆ ರಜೆ ಎಂದು ಗೊತ್ತಿದ್ದೂ ಬಂದಿದ್ದ.

"ಏನ್ಮಾಡ್ಲಿ ಅಮ್ಮಾ, ಅರ್ಧ ಹಲ್ಲು ಕೊರೆದು ಬಿಟ್ಟಿದ್ದಾರೆ. ಟಿಕೆಟ್ ಕೊಟ್ಟು ದಾರಿ ಮಧ್ಯೆ ಇಳಿಸಿದ ಹಾಗಾಯ್ತು."

"ಯಾಕೆ ಬಿಟ್ರು?"

"ಕರೆಂಟು ಹೋಯ್ತು. ಡಾಕ್ಟ್ರು, ಒಂದು ನಿಮಿಷ, ಸೋಲಾರಿಗೆ ಹಾಕ್ತೀನಿ ಅಂದ್ರು. ಏನೋ ಸ್ವಿಚ್ ಹಾಕಿದ್ರು. ಕೊರೆಯೋದಕ್ಕೆ ಗಾಳಿ ಕೊಡೋ ಆ ಮೋಟಾರು ಗೊರ್ ಅಂತು, ತಕ್ಷಣ ಎಲ್ಲಾ ಢಂ! ಮೊಬೈಲ್ ಬೆಳಕಲ್ಲಿ ನನ್ನ ಬಾಯಿಗೆ ಹತ್ತಿ ತುರುಕಿ, ಕರೆಂಟು ಬರೋವರೆಗೂ ಕೂತಿರು ಅಂದ್ರು. ಬಂದು ಇಲ್ಲೇ ಒರಗಿದೆ. ಈ ಗೋಡೆ ಸುಖ ಅಮ್ಮಾ, ಬೆನ್ನಿಗೆ ಬೆಚ್ಚಗೆ. ಚಳಿಗಾಲದಲ್ಲಿ ಇದಕ್ಕೂ ಫೀಸು ತಗೋಬಹುದು ಡಾಕ್ಟ್ರು."

ಸರ್ವೇ ಅಮ್ಮ ನಗಲಿಲ್ಲ. ಇನ್ವರ್ಟರ್ ಬೆಳಗಿನಿಂದ ಫ್ರಿಜ್ಜು, ಫ್ಯಾನುಗಳನ್ನು ನಡೆಸುತ್ತಲೇ ಇತ್ತು. ಅವರು ಕೈಯ ಹಿಂಬದಿಯಿಂದ ಗೋಡೆಯನ್ನು ಸವರುತ್ತಾ ಹೋದರು, ಜ್ವರ ನೋಡುವ ಹಾಗೆ. ಬೆಂಚಿನ ಎತ್ತರದಲ್ಲಿ ಒಂದು ಸಾಲು ಟೈಲ್ಸಿನ ಸಂದು ಸಣ್ಣಗೆ ಬಿರಿದಿತ್ತು. ಬಿಳುಪಿನಲ್ಲಿ ಸ್ವಲ್ಪ ಹಳದಿ ಇತ್ತು. ಅಲ್ಲಿ ಅವರ ಕೈ ನಿಂತಿತು.

ಅಷ್ಟರಲ್ಲಿ ಅಳಿಯ ಒಳಗಿನಿಂದ ಬಂದ. "ವೈರಿಂಗ್ ನೋಡ್ತಿದ್ದೀರಾ ಅಮ್ಮಾ? ಎಲ್ಲಾ ಸರಿಯಾಗಿದೆ. ನೋಡಿ, ಎಷ್ಟು ದಪ್ಪ ತಂತಿ. ಏನಾದ್ರೂ ತಪ್ಪಿದ್ರೆ ಕರೆಂಟಣ್ಣನನ್ನ ಕೇಳಿ, ಕೆಲಸ ಅವನದು." ಹಾಗೆನ್ನುತ್ತಾ, ನನ್ನ ಕನ್ನಡಕದ ಕಡ್ಡಿ ಸಡಿಲಾಗಿದ್ದನ್ನು ಕಂಡು, "ಕೊಡಿ ಮಾವ," ಎಂದು ಜೇಬಿನಿಂದ ಕೂದಲೆಳೆಯಂಥ ಉಕ್ಕಿನ ತಂತಿ ತೆಗೆದು ಸುತ್ತಿ ಬಿಗಿದುಕೊಟ್ಟ. ಅಲುಗುವ ಹಲ್ಲುಗಳನ್ನು ಒಂದಕ್ಕೊಂದು ಕಟ್ಟುವ ತಂತಿ ಅದು. ತುದಿಯನ್ನು ಚರ್ಮಕ್ಕೆ ಚುಚ್ಚದಂತೆ ಒಳಕ್ಕೆ ಮಡಿಸುವುದು ಅವನ ವಾಡಿಕೆ. ಕ್ಯಾಲೆಂಡರು, ಛತ್ರಿ, ಅಕ್ಕನ ಜಪಮಣಿ, ಮನೆಯಲ್ಲಿ ಏನು ಕಿತ್ತುಹೋದರೂ ಅದೇ ಔಷಧ. ಬಿಗಿದವನೇ ಗೋಡೆಯ ಕಡೆ ನೋಡದೆ ಒಳಗೆ ಹೋದ. ತಾಯಿ ಹೋದ ಸಂಕಟ ಎಂದುಕೊಂಡೆ.

ವೈರಿಂಗ್ ಕೆಲಸದವನನ್ನು ಬೀದಿಯವರು ಕರೆಂಟಣ್ಣ ಎನ್ನುತ್ತಿದ್ದರು. ಅವನ ಅಂಗಡಿಗೆ ಹೋದಾಗ ಅವನು ನಮ್ಮನ್ನು ಕಂಡೊಡನೆ ಉರಿದುಬಿದ್ದ.

"ನನ್ನ ತಲೆಗೆ ಕಟ್ಟಕ್ಕೆ ಬಂದ್ರಾ? ಬ್ಯಾಟರಿ ಜಗಲಿಗೆ ಹೊತ್ತು ಇಟ್ಟಿದ್ದು ಮಾತ್ರ ನಾನು. ಆ ದೂರಕ್ಕೆ ಮೂವತ್ತೈದು ಸ್ಕ್ವೇರ್, ಬೆರಳು ದಪ್ಪದ ತಾಮ್ರದ ತಂತಿ ಬೇಕು ಅಂತ ತಂದೆ. ಗೋಡೆಯೊಳಗಿನ ಹಳೇ ಪೈಪಿದೆಯಲ್ಲ, ಕಾಲಿಂಗ್ ಬೆಲ್ಲಿಗೆ ಹಾಕಿದ್ದು, ಅದರೊಳಗೆ ಎಳಿ ಅಂದ್ರು ಡಾಕ್ಟ್ರು. ಅದರಲ್ಲಿ ನನ್ನ ಕಿರುಬೆರಳೂ ಹೋಗಲ್ಲ! ಗೋಡೆ ಒಡೀಬೇಕು, ಇಲ್ಲಾಂದ್ರೆ ಬ್ಯಾಟರಿ ವಾಪಸ್ ಇಡಿ ಅಂದೆ. ಟೈಲ್ಸ್ ಮುಟ್ಟಬೇಡ, ತಂತಿ ಇಟ್ಟು ಹೋಗು, ಆಮೇಲೆ ಕರೀತೀನಿ ಅಂದ್ರು. ಕರೀಲೇ ಇಲ್ಲ."

"ಮತ್ತೆ ಜೋಡಿಸಿದ್ದು ಯಾರು?"

"ನನ್ನನ್ನ ಕೇಳಿದ್ರೆ? ಬೇರೆ ಯಾರನ್ನೋ ಹಿಡ್ಕೊಂಡಿರ್ತಾರೆ."

ಹಿಂತಿರುಗುವಾಗ ನಾನು, "ಇವನೇ ಸುಳ್ಳು ಹೇಳುತ್ತಿರಬಹುದು. ಕೆಲಸ ಕೆಟ್ಟಿತು ಎಂದು ಈಗ ಕೈ ತೊಳೆದುಕೊಳ್ಳುತ್ತಿದ್ದಾನೆ," ಎಂದೆ.

"ಇರಬಹುದು ಮೇಷ್ಟ್ರೇ," ಎಂದರು ಸರ್ವೇ ಅಮ್ಮ. "ಆ ಡಬ್ಬಿ ಬಿಚ್ಚಿದ್ರೆ ಗೊತ್ತಾಗತ್ತೆ. ಆದ್ರೆ ಎಲ್ಲರ ಎದುರಿಗೇ ಬಿಚ್ಚಬೇಕು. ಆ ಹುಡುಗಿಯ ಮೇಲೆ ಮಾತು ಬಿದ್ದಿದ್ದು ಎಲ್ಲರ ಎದುರಿಗೆ ತಾನೇ?"

ಸಂಜೆ ಕಾಯುವ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಳಿಯ, ಅವನ ಹೆಂಡತಿ, ಬಾಗಿಲ ಬಳಿ ದಾದಿ, ಮುಖ ಗಂಟಿಕ್ಕಿಕೊಂಡ ಕರೆಂಟಣ್ಣ, ಕರೆಯದೆ ಬಂದ ಕಂಡಕ್ಟರ್. ಸರ್ವೇ ಅಮ್ಮ ಬೆಂಚಿನ ತುದಿಯಲ್ಲಿ ಕೂತು ಮೆಲ್ಲಗೆ ಮಾತು ಆರಂಭಿಸಿದರು.

"ಮೊದಲು ಈ ಹುಡುಗಿಯ ವಿಷಯ. ಬ್ಯಾಟರಿ ಖಾಲಿ ಮಾಡಿದಳು ಅಂದ್ರಿ. ಈ ಬ್ಯಾಟರಿ ತುಂಬೋದು ಬಿಸಿಲಿಂದ ಮಾತ್ರ. ಅವತ್ತು ಬಿಸಿಲಿರಲಿಲ್ಲ. ಆದ್ರೂ ನಾನು ನೋಡಿದಾಗ ಮುಕ್ಕಾಲಿಗಿಂತ ಹೆಚ್ಚಿತ್ತು. ಅಂದ್ರೆ ಅದು ಖಾಲಿಯಾಗೇ ಇರಲಿಲ್ಲ. ಗುಂಡಿ ಒತ್ತಿದ ತಕ್ಷಣ ಎಲ್ಲಾ ನಡೀತು. ಇಸ್ತ್ರಿಪೆಟ್ಟಿಗೆಯ ಕತೆ ಅಲ್ಲಿಗೆ ಮುಗೀತು."

ದಾದಿ ಗೋಡೆಗೆ ತಲೆಯಾನಿಸಿದಳು.

"ಹಾಗಾದ್ರೆ ತುಂಬಿದ ಬ್ಯಾಟರಿ ಇದ್ದೂ ಇನ್ವರ್ಟರ್ ಯಾಕೆ ನಿಂತಿತು? ಬ್ಯಾಟರಿಯಲ್ಲಿರೋ ಶಕ್ತಿ ಅದರ ಬಾಗಿಲಿಗೆ ಬರಲಿಲ್ಲ. ದಾರಿಯಲ್ಲೇ ಕರಗಿಹೋಯ್ತು. ಎಲ್ಲಿ ಅಂತ ನಮ್ಮ ಕಂಡಕ್ಟ್ರು ಬೆನ್ನಲ್ಲೇ ಕಂಡುಹಿಡಿದಿದ್ದಾರೆ. ಬರೀ ಫ್ಯಾನು, ಫ್ರಿಜ್ಜು ಓಡಿದ್ರೇ ಈ ಗೋಡೆ ಬೆಚ್ಚಗಾಗತ್ತೆ. ಸರಿಯಾದ ತಂತಿ ಹಾಗೆ ಕಾಯಲ್ಲ."

"ಅಮ್ಮಾ, ತಂತಿ ಎಷ್ಟು ದಪ್ಪ ಇದೆ, ಕಣ್ಣಾರೆ ಕಾಣತ್ತಲ್ಲ," ಎಂದಳು ಅಳಿಯನ ಹೆಂಡತಿ.

"ಎರಡು ಕೊನೆಯಲ್ಲಿ ಕಾಣತ್ತೆ ತಾಯಿ. ನಡುವೆ? ಕಿರುಬೆರಳು ಹೋಗದ ಪೈಪಿನಲ್ಲಿ ಬೆರಳು ಗಾತ್ರದ ಎರಡು ತಂತಿ ಹೇಗೆ ಹೋಗತ್ತೆ? ಕರೆಂಟಣ್ಣ, ಮೇನ್ ಆರಿಸಿ, ಬ್ಯಾಟರಿ ಕಳಚಿ, ಆ ಡಬ್ಬಿ ಬಿಚ್ಚಿ."

ಕರೆಂಟಣ್ಣ ಮುಚ್ಚಳ ತೆಗೆದ. ದಪ್ಪ ತಂತಿಗಳು ಡಬ್ಬಿಯೊಳಗೇ ಮುಗಿದಿದ್ದವು. ಅವುಗಳ ತುದಿಗೆ ಕಡ್ಡಿಯಷ್ಟು ಸಣ್ಣ ತಂತಿಗಳನ್ನು ಜೋಡಿಸಿ ಪೈಪಿನೊಳಗೆ ತೂರಿಸಿದ್ದರು. ಅವನು ಜಗಲಿಯ ಕೊನೆಯನ್ನೂ ಬಿಡಿಸಿ ಬಂದು ಒಂದು ತಂತಿಯನ್ನು ಎಳೆದ. ಮೇಲಿನ ಹೊದಿಕೆ ಕಾದು ಕಾದು ಕಂದಿ, ಅಲ್ಲಲ್ಲಿ ಕರಗಿ ಅಂಟಿಕೊಂಡಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆಯಲ್ಲಿ ಹರಡಿತು.

"ಮೂವತ್ತೈದು ಬೇಕಾದ ಕಡೆ ನಾಲ್ಕು ಸ್ಕ್ವೇರ್!" ಎಂದ ಕರೆಂಟಣ್ಣ. "ಅಯ್ಯೋ ಪುಣ್ಯಾತ್ಮ, ಮನೆಗೆ ಬೆಂಕಿ ಬೀಳದೇ ಇದ್ದಿದ್ದೇ ದೊಡ್ಡದು."

ಸರ್ವೇ ಅಮ್ಮ ತಂತಿಯನ್ನು ಕೈಗೆ ತೆಗೆದುಕೊಂಡರು. "ಇದನ್ನ ಹಾಕಿದವರು ದಡ್ಡರಲ್ಲ. ಮನೆಯಲ್ಲಿ ಎ.ಸಿ.ಗೆ ಇದೇ ಗಾತ್ರದ ತಂತಿ ಇದೆ, ಅಷ್ಟು ದೊಡ್ಡದನ್ನ ಎಳೆಯೋದು ಇದನ್ನೂ ಎಳೆಯತ್ತೆ ಅಂದ್ಕೊಂಡ್ರು. ಆದ್ರೆ ಮನೆಯ ಲೈನು ಇನ್ನೂರ ಮೂವತ್ತು ವೋಲ್ಟ್, ಈ ಬ್ಯಾಟರಿ ಇಪ್ಪತ್ತನಾಲ್ಕು. ಅದೇ ಕೆಲಸ ಆಗಬೇಕಾದ್ರೆ ಬ್ಯಾಟರಿ ಕಡೆ ತಂತಿಯಲ್ಲಿ ಹತ್ತು ಪಟ್ಟು ಕರೆಂಟು ಹರೀಬೇಕು. ಜೊತೆಗೆ ದೂರ. ಹೋಗೋ ದಾರಿ, ಬರೋ ದಾರಿ ಎರಡನ್ನೂ ಎಣಿಸಬೇಕು. ದೂರ ಹೆಚ್ಚಾದಷ್ಟೂ ತಾಮ್ರ ದಪ್ಪ ಆಗಬೇಕು. ಎರಡು ಕೊನೆ ದಪ್ಪ ಇದ್ದು ನಡುವೆ ಸಣ್ಣದಿದ್ರೆ, ಇಡೀ ದಾರಿ ಸಣ್ಣದಿದ್ದ ಹಾಗೇ."

ಅವರು ಮುಂದುವರಿಸಿದರು: "ಅಮ್ಮನ ಯಂತ್ರ, ಫ್ಯಾನು ಹೇಗೋ ನಡೀತಿದ್ವು. ಫ್ರಿಜ್ಜು ಶುರುವಾದ್ರೆ ದೀಪ ಮಿಟುಕಿಸ್ತಿತ್ತು, ಅದು ಎಚ್ಚರಿಕೆ. ಹಲ್ಲು ಕೊರೆಯೋ ಗಾಳಿ ಮೋಟಾರು ಅದಕ್ಕಿಂತ ಎಷ್ಟೋ ಹೆಚ್ಚು ಕೇಳತ್ತೆ, ಅದೂ ಶುರುವಾಗೋ ಕ್ಷಣದಲ್ಲಿ. ಆ ಕ್ಷಣ ಈ ತಂತಿ ಸೋತಿತು. ಇನ್ವರ್ಟರಿಗೆ ಬ್ಯಾಟರಿ ಸತ್ತಂತೆ ಕಂಡಿತು. ತನ್ನನ್ನು ತಾನೇ ಆರಿಸಿಕೊಂಡಿತು. ಕ್ಲಿನಿಕ್ಕಿನ ಜೊತೆ ಅಮ್ಮನ ಕೋಣೆಯೂ ಆರಿತು."

"ಸರಿ, ಇದನ್ನ ಹಾಕಿದ್ದು ಯಾರು ಅಂತ ಹೇಳಿ," ಎಂದ ಕರೆಂಟಣ್ಣ. "ನಾನಂತೂ ಅಲ್ಲ."

"ಅಲ್ಲ. ವೈರಿಂಗ್ ಮಾಡೋವರು ಜಾಯಿಂಟಿಗೆ ಲಗ್ ಅನ್ನೋ ತಾಮ್ರದ ಟೊಪ್ಪಿ ಹಾಕ್ತಾರೆ, ಟೇಪ್ ಸುತ್ತುತ್ತಾರೆ. ಇಲ್ಲಿ ನೋಡಿ."

ಅವರು ಜೋಡಣೆಯ ಜಾಗವನ್ನು ಬೆಳಕಿಗೆ ಹಿಡಿದರು. ದಪ್ಪ ತಂತಿಗೆ ಸಣ್ಣ ತಂತಿಯನ್ನು ಕೂದಲೆಳೆಯಂಥ ಉಕ್ಕಿನ ತಂತಿಯಿಂದ ಒತ್ತೊತ್ತಾಗಿ, ಬಹಳ ಅಂದವಾಗಿ ಸುತ್ತಿ ಬಿಗಿದಿದ್ದರು. ತುದಿಯನ್ನು ಒಳಕ್ಕೆ ಮಡಿಸಿದ್ದರು.

ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಎಲ್ಲರೂ ಅಳಿಯನನ್ನು ನೋಡಬಾರದೆಂದು ನೆಲ ನೋಡಿದರು. ನಾನು ಎತ್ತಿ ಆಡಿಸಿದ ಮಗು ಅದು.

ಅಳಿಯ ಕೂತಲ್ಲಿಂದ ಏಳಲಿಲ್ಲ. "ಒಂದು ಭಾನುವಾರ ನಾನೇ ಹಾಕಿದೆ ಮಾವ," ಎಂದ. "ಟೈಲ್ಸ್ ಒಡೆಯಕ್ಕೆ ಮನಸ್ಸು ಬರಲಿಲ್ಲ. ಆಮೇಲೆ ಒಂದ್ಸಲ ಮೋಟಾರು ಹಾಕಿದಾಗ ದೀಪ ತೀರಾ ಕುಂದಿತು. ಅವತ್ತಿಂದ ಸೋಲಾರಿಗೆ ಅದನ್ನ ಹಾಕ್ತಿರಲಿಲ್ಲ. ಮೊನ್ನೆ... ಅರ್ಧ ಕೊರೆದಿದ್ದೆ. ಒಂದು ಹಲ್ಲು ಮುಗಿಸಿಬಿಡೋಣ ಅಂದ್ಕೊಂಡೆ."

"ಎಲ್ಲಾ ಆರಿದಾಗ ಅಮ್ಮನ ನೆನಪಾಗಲಿಲ್ವೇನೋ?" ಎಂದೆ. ನನ್ನ ಧ್ವನಿ ನನಗೇ ಗುರುತಾಗಲಿಲ್ಲ.

"ಆಯ್ತು ಮಾವ. ಸಿಸ್ಟರ್ ಇದ್ದಾಳಲ್ಲ, ಸಿಲಿಂಡರ್ ಹಾಕ್ತಾಳೆ ಅಂದ್ಕೊಂಡೆ. ಹತ್ತು ಹೆಜ್ಜೆ ಹೋಗಿ ನೋಡಲಿಲ್ಲ. ಬಾಗಿಲಲ್ಲಿ ಇವಳ ಕೂಗು ಕೇಳಿದಾಗಲೇ ಎಲ್ಲಾ ಗೊತ್ತಾಯ್ತು. ಗೊತ್ತಾಗಿದ್ದೇ ತಡ, ಬಾಯಿಗೆ ಇವಳ ಹೆಸರು ಬಂತು."

ಅವನ ಹೆಂಡತಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಕಂಡಕ್ಟರ್ ತನ್ನ ಕೆನ್ನೆಯಿಂದ ಕೈ ತೆಗೆದ, ಆ ನೋವು ತನ್ನದೆಂದು ಹೇಳಿಕೊಳ್ಳಲೂ ಸಂಕೋಚವಾದಂತೆ.

ನಾನು ಎದ್ದು ಮೇಜಿನ ಮೇಲಿದ್ದ ಫೋನನ್ನು ಅವನ ಕೈಗೆ ಕೊಟ್ಟೆ. "ಏಜೆನ್ಸಿಗೆ ಮಾಡು. ಎಲ್ಲರಿಗೂ ಕೇಳಿಸುವ ಹಾಗೆ ಹೇಳು."

ಅವನು ಹೇಳಿದ. ತಪ್ಪು ನನ್ನದು, ಆಕೆಯದಲ್ಲ ಎಂದ. ಆ ಕಡೆಯವರು ಏನು ತಪ್ಪು ಎಂದು ಕೇಳಿದರು. ಗೋಡೆ, ತಂತಿ, ಮೋಟಾರು, ಸುಳ್ಳು, ಒಂದೊಂದನ್ನೂ ಬಾಯಿ ಬಿಟ್ಟು ಹೇಳಬೇಕಾಯಿತು. ಎಲ್ಲಿಯೂ ನಡುವೆ ಬಿಡಲು ಸರ್ವೇ ಅಮ್ಮ ಆಸ್ಪದ ಕೊಡಲಿಲ್ಲ. ಪೊಲೀಸ್ ಠಾಣೆಗೂ ಬೆಳಿಗ್ಗೆ ನಾನೇ ಹೋಗಿ ಹೇಳುತ್ತೇನೆ ಎಂದು ಅವನೇ ಅಂದ. ನಾನೂ ಜೊತೆಗೆ ಬರುತ್ತೇನೆಂದೆ.

ಆಮೇಲೆ ನಾನು ಬಾಗಿಲ ಬಳಿ ಹೋದೆ. "ತಾಯಿ, ಅವತ್ತು ನೀನು ನನ್ನನ್ನು ಕೇಳಿದೆ. ನಾನು ಮುಖ ತಿರುಗಿಸಿದೆ. ಕ್ಷಮಿಸು ಎನ್ನಲೂ ನನಗೆ ಮುಖವಿಲ್ಲ."

"ನೀವು ಏನೂ ಹೇಳಬೇಡಿ ಮೇಷ್ಟ್ರೇ," ಎಂದಳು ದಾದಿ. "ನನ್ನ ಹೆಸರು ನನಗೆ ಸಿಕ್ತು. ಆದ್ರೆ ಅಮ್ಮ ಒಬ್ರೇ ಇದ್ರಲ್ಲ, ಆ ಹೊತ್ತು. ಅದನ್ನ ಯಾರ ಹತ್ರ ಹೇಳಿ ಕಳ್ಕೊಳ್ಳಲಿ?"

ಸರ್ವೇ ಅಮ್ಮ ಎದ್ದು ಬಂದು ಅವಳ ಕೈ ಹಿಡಿದುಕೊಂಡರು. ಅಷ್ಟು ವರ್ಷಗಳ ಜೊತೆಯಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

ಎಲ್ಲರೂ ಹೋದ ಮೇಲೆ ಅಕ್ಕನ ಖಾಲಿ ಕೋಣೆಯಲ್ಲಿ ಒಬ್ಬನೇ ಕೂತೆ. ಕೈಗಳು ತಾವಾಗಿ ಕೂಡಿಕೊಂಡವು.

ದೇವರೇ, ನನ್ನ ಅಕ್ಕನನ್ನು ನಿನ್ನ ಪಾದದ ಬಳಿ ಇರಿಸಿಕೋ. ಕೊನೆಯ ಗಳಿಗೆಯಲ್ಲಿ ಅವಳು ಯಾರನ್ನು ಕೂಗಿದಳೋ ನಮಗೆ ತಿಳಿಯದು. ನಮ್ಮಲ್ಲಿ ಒಬ್ಬರೂ ಓಗೊಡಲಿಲ್ಲ. ನೀನಾದರೂ ಓಗೊಟ್ಟಿರು. ಮಗನ ತಪ್ಪು ಅವಳ ಕಿವಿಗೆ ಬೀಳುವ ಮೊದಲು ಅವಳಿಗೆ ಒಳ್ಳೆಯ ನಿದ್ದೆ ಕೊಡು. ನಮಗೆ ಈ ನಾಚಿಕೆಯನ್ನು ಉಳಿಸು, ಮರೆಸಬೇಡ. ಅವಳಿಗೆ ಮಾತ್ರ ಶಾಂತಿ ಕೊಡು, ತಂದೆ. ಅವಳಿಗೆ ಶಾಂತಿ ಕೊಡು.